ಹೊಕ್ಕುಳಿನ ಒಂದು ಹೊಲಿಗೆ

ಸಿದ್ದಕ್ಕನ ಹೊಕ್ಕುಳಿನೊಳಗೆ ಒಂದೇ ಒಂದು ಹೊಲಿಗೆಯ ಗುರುತಿತ್ತು. ಹಟ್ಟಿಯಲ್ಲಿ ಅದು ಗೊತ್ತಿದ್ದದ್ದು ಇಬ್ಬರಿಗೆ ಮಾತ್ರ, ಅವಳಿಗೆ ಮತ್ತು ಅವಳ ಗಂಡ ಪಾಲಯ್ಯನಿಗೆ. ಮೂರನೆಯವನು ದೇವರು. ಅವನಿಗೆ ಯಾರೂ ಹೇಳಿರಲಿಲ್ಲ. ಆದರೆ ಅವನಿಗೆ ಹೇಳಿ ತಿಳಿಸಬೇಕಾದ್ದೇನಿದೆ ಎಂದು ಸಿದ್ದಕ್ಕ ಸಮಾಧಾನ ಮಾಡಿಕೊಂಡಿದ್ದಳು.

ತಾಳ್ಯದಿಂದ ಎರಡು ಮೈಲಿ ನಡೆದರೆ ಸಿಗುವ ಬಿಳಿಕಲ್ಲಹಟ್ಟಿ ಕುರಿ ಸಾಕಿ ಬದುಕುವವರ ಊರು. ಅಲ್ಲಿಯ ಬೀರದೇವರ ಒಡವೆ ವಸ್ತ್ರಗಳೆಲ್ಲ ಒಂದು ಬಿದಿರಿನ ಪೆಟ್ಟಿಗೆಯಲ್ಲಿದ್ದವು. ಪ್ರತಿ ಸೋಮವಾರ ಆ ಪೆಟ್ಟಿಗೆಯನ್ನು ತಲೆಯ ಮೇಲೆ ಹೊತ್ತು ಹಳ್ಳಕ್ಕೆ ಹೋಗಿ, ನೀರು ಮುಟ್ಟಿಸಿ, ಗುಡಿಗೆ ತರುವ ಕೆಲಸ ಪಾಲಯ್ಯನ ಮನೆತನದ್ದು. ಅವನ ಅಪ್ಪ ಹೊತ್ತಿದ್ದ, ಅಜ್ಜ ಹೊತ್ತಿದ್ದ. ಪೆಟ್ಟಿಗೆ ಹೊರುವವನ ಮೈಯೊಳಗೆ ಕಬ್ಬಿಣ ಇಳಿದಿರಬಾರದು ಎಂಬುದು ಕಟ್ಟಳೆ. ದೇವರ ಎಡೆ ಬೇಯಿಸುವ ಆ ಮನೆಯ ಹೆಂಗಸಿಗೂ ಅದೇ ಕಟ್ಟಳೆ. ಆ ಮನೆಯ ಮಕ್ಕಳಿಗೆ ಕಿವಿ ಚುಚ್ಚುವುದು ಸಹ ಜಾಲಿಯ ಮುಳ್ಳಿನಿಂದ. ಯಾಕೆ ಎಂದು ಕೇಳಿದರೆ ಹಿರಿಯರು, "ನಡಕಂಡು ಬಂದೈತೆ, ನಡಸ್ರಿ" ಎನ್ನುತ್ತಿದ್ದರು. ಹಿಂದೆ ಕಾಲರಾ ಸೂಜಿ ಹಾಕುವವರು ಬಂದ ವರ್ಷ ಮಾತ್ರ ಹಿರಿಯರು ಗುಡಿಯಲ್ಲಿ ಕುಳಿತು ಹೂವು ಕೇಳಿದ್ದರಂತೆ. ಹೂವು ದೇವರ ಬಲಗಡೆಯಿಂದ ಬಿದ್ದಿತಂತೆ. ಅಂದಿನಿಂದ ಸೂಜಿಗೆ ತಡೆಯಿರಲಿಲ್ಲ. ಅದೆಲ್ಲ ಸಿದ್ದಕ್ಕ ಸೊಸೆಯಾಗಿ ಬರುವ ಮೊದಲಿನ ಮಾತು.

ಐದು ಹೆತ್ತು ಎರಡು ಕಳೆದುಕೊಂಡ ಸಿದ್ದಕ್ಕ ಆರನೆಯದಕ್ಕೆ ಹೆದರಿದ್ದಳು. ಹಿಂದಿನ ವರ್ಷ ಹಟ್ಟಿಗೆ ಬರುತ್ತಿದ್ದ ನರ್ಸು ಹನುಮಮ್ಮ, "ಮಕ್ಕಳಾಗದಂಗೆ ಮಾಡಾಕೆ ಹೊಳಲ್ಕೆರೆಗೆ ದುರ್ಬೀನು ಡಾಕ್ಟ್ರು ಬರ್ತಾರೆ ಕಣೇ. ಹೊಟ್ಟೆ ಕೊಯ್ಯಂಗಿಲ್ಲ. ಹೊಕ್ಕುಳದಾಗೆ ಒಂದು ತೂತು, ಒಂದು ಹೊಲಿಗೆ. ಸಂಜಿಗೆ ಮನೆ" ಎಂದು ಕಿವಿಯಲ್ಲಿ ಹೇಳಿದಳು. ಭರಮಸಾಗರದ ಅಕ್ಕನ ಮನೆಗೆ ಹೋಗುತ್ತೇನೆಂದು ಹಟ್ಟಿಗೆಲ್ಲ ಹೇಳಿ ಸಿದ್ದಕ್ಕ ಗಂಡನೊಡನೆ ಹೊಳಲ್ಕೆರೆಗೆ ಹೋದಳು. ಹೊಟ್ಟೆಗೆ ಗಾಳಿ ತುಂಬಿದರು, ಕೊಳವೆಯಂಥದೊಂದನ್ನು ಇಳಿಸಿ ಕಣ್ಣಿಟ್ಟು ನೋಡಿದರು, ಅರ್ಧ ಗಳಿಗೆಯಲ್ಲಿ ಮುಗಿಯಿತು. ಎರಡು ದಿನ ಹೆಗಲು ನೋಯುತ್ತಿತ್ತು, ಅಷ್ಟೆ. ಮುಂದಿನ ಸೋಮವಾರ ಅವಳೇ ಎಡೆ ಬೇಯಿಸಿದಳು. ಒಲೆ ಆರಲಿಲ್ಲ, ಮಡಕೆ ಒಡೆಯಲಿಲ್ಲ. ಕುರಿಗೆ ರೋಗ ಬರಲಿಲ್ಲ. ದೇವರು ಒಪ್ಪಿಕೊಂಡ ಎಂದು ಅವಳು ನಂಬಿದಳು. ಕಾಣದ ಗಾಯವನ್ನು ದೇವರು ಲೆಕ್ಕಕ್ಕೆ ಹಿಡಿಯುವುದಿಲ್ಲ ಎಂದೂ ನಂಬಿದಳು. ಆ ಎರಡನೆಯ ನಂಬಿಕೆಯೇ ಅವಳನ್ನು ಕೆಡಿಸಿತು.

ಎಪ್ಪತ್ತೊಂಬತ್ತನೇ ಇಸವಿಯ ಮಾಘ ಮಾಸ. ಪಾಲಯ್ಯನಿಗೆ ಮಂಡಿನೋವು ಹತ್ತಿ, ಯುಗಾದಿಗೆ ಪೆಟ್ಟಿಗೆಯನ್ನು ಹಿರಿಯ ಮಗ ಹಾಲಸ್ವಾಮಿಯ ತಲೆಗೆ ಕೊಡುವುದೆಂದು ಹಟ್ಟಿಯವರು ಗೊತ್ತುಮಾಡಿದ್ದರು. ಹಾಲಸ್ವಾಮಿಗೆ ಇಪ್ಪತ್ತು ತುಂಬಿತ್ತು. ಕುರಿಯ ತುಪ್ಪಟ ಕತ್ತರಿಸುವುದರಲ್ಲಿ ಅವನ ಕೈ ಚುರುಕು. ಮೈಮೇಲೆ ಒಂದು ಗೀರೂ ಬೀಳದಂತೆ ಕತ್ತರಿಸುತ್ತಿದ್ದ. ಬಾಯಿಯೂ ಅಷ್ಟೇ ಚುರುಕು.

ಬುಧವಾರ ಬೆಳಿಗ್ಗೆ ಅವನು ಕತ್ತರಿ ಕೆಳಗಿಟ್ಟು ಹೊಟ್ಟೆ ಹಿಡಿದು ಕುಳಿತ.

"ಏನೋ, ಕುರಿ ಒದೀತೇನೋ?" ಎಂದಳು ಅಜ್ಜಿ ಬರಗೇರಮ್ಮ.

"ನೀನು ನಿನ್ನೆ ಮಾಡಿದ ಹುರುಳಿ ಸಾರು ಒದೀತೈತೆ ಕಣಜ್ಜಿ."

ಅಜ್ಜಿ ನಕ್ಕು ಹರಳೆಣ್ಣೆ ಕುಡಿಸಿದಳು. ಮಧ್ಯಾಹ್ನಕ್ಕೆ ವಾಂತಿ. ಸಂಜೆಗೆ ಹೊಕ್ಕುಳಿನ ಸುತ್ತ ಇದ್ದ ನೋವು ಜರುಗಿ ಬಲಗಡೆ ಕೆಳಹೊಟ್ಟೆಯಲ್ಲಿ ನಿಂತಿತು. ಬೇರೆ ಯಾರಿಗಾದರೂ ಆಗಿದ್ದರೆ ಬರಗೇರಮ್ಮ ಕುಡುಗೋಲಿನ ತುದಿ ಕಾಯಿಸಿ ಬರೆ ಎಳೆಯುತ್ತಿದ್ದಳು. "ಪೆಟ್ಟಿಗೆ ಹೊರೋ ಮೈ ಇದು. ಕಬ್ಬಿಣ ತಾಗಿಸಂಗಿಲ್ಲ" ಎಂದು ಕುಡುಗೋಲು ಮುಟ್ಟಲಿಲ್ಲ.

ಗುರುವಾರ ಗಾಡಿ ಕಟ್ಟಿಕೊಂಡು ಹೊಳಲ್ಕೆರೆಗೆ ಹೋದರು. ಗಾಡಿ ಹೊಡೆದವನು ಪಕ್ಕದ ಮನೆಯ ಎತ್ತಪ್ಪ. ಒಳ್ಳೆಯವನೇ, ಆದರೆ ಅವನ ಕಿವಿಗೆ ಬಿದ್ದದ್ದು ಸಂಜೆಯೊಳಗೆ ಹಟ್ಟಿಯ ಕಟ್ಟೆಗೆ ಬೀಳುತ್ತಿತ್ತು. ಅಲ್ಲಿಯ ಆಸ್ಪತ್ರೆಯ ಡಾಕ್ಟರು ಹಾಲಸ್ವಾಮಿಯನ್ನು ಮಲಗಿಸಿ, ಬಲಗಡೆ ಕೆಳಹೊಟ್ಟೆಯನ್ನು ಬೆರಳಿನಿಂದ ನಿಧಾನವಾಗಿ ಒತ್ತಿ ಫಕ್ಕನೆ ಬಿಟ್ಟರು. ಒತ್ತಿದಾಗ ತಡೆದುಕೊಂಡವನು ಬಿಟ್ಟಾಗ ಕೂಗಿಕೊಂಡ.

"ಅಪೆಂಡಿಕ್ಸು," ಎಂದರು ಡಾಕ್ಟರು. "ಕರುಳಿಗೆ ಅಂಟಿಕೊಂಡ ಒಂದು ಸಣ್ಣ ಬಾಲ ಅದು. ಬಾತಿದೆ. ಒಡೆದರೆ ಹೊಟ್ಟೆಯೆಲ್ಲ ಕೀವಾಗುತ್ತದೆ. ಇವತ್ತೇ ದುರ್ಗಕ್ಕೆ ಕರೆದುಕೊಂಡು ಹೋಗಿ. ಚೀಟಿ ಕೊಡುತ್ತೇನೆ. ಕೊಯ್ದು ತೆಗೆಯುತ್ತಾರೆ, ಎಂಟು ದಿನಕ್ಕೆ ಮನೆಗೆ ಬರುತ್ತಾನೆ."

"ಎಷ್ಟುದ್ದ ಕೊಯ್ತಾರ್ರಿ?" ಎಂದ ಪಾಲಯ್ಯ.

ಡಾಕ್ಟರು ತಮ್ಮ ನಾಲ್ಕು ಬೆರಳುಗಳನ್ನು ಹುಡುಗನ ಹೊಟ್ಟೆಯ ಬಲಗಡೆ ಓರೆಯಾಗಿ ಇಟ್ಟು ತೋರಿಸಿದರು.

ಎತ್ತಪ್ಪ ಬಾಗಿಲಲ್ಲೇ ನಿಂತು, "ಅಯ್ಯೋ ಶಿವನೇ, ಪೆಟ್ಟಿಗೆ ಗತಿ?" ಎಂದ.

ಸಿದ್ದಕ್ಕನ ನಾಲಗೆಯ ತುದಿಗೆ ಒಂದು ಮಾತು ಬಂದಿತ್ತು. ಹೊಕ್ಕುಳಿನಲ್ಲಿ ತೂತು ಮಾಡಿ ತೆಗೆಯಲು ಬರುವುದಿಲ್ಲವೇ ಎಂದು ಕೇಳಬೇಕೆಂದಿದ್ದಳು. ಕೇಳಿದ್ದರೆ, ಬರುವುದಿಲ್ಲ ಎಂದು ಆ ಡಾಕ್ಟರು ಅಲ್ಲೇ ಹೇಳಿಬಿಡುತ್ತಿದ್ದರು. ಆದರೆ ನಿನಗೆ ಅದು ಹೇಗೆ ಗೊತ್ತು ಎಂದು ಎತ್ತಪ್ಪ ಕೇಳುತ್ತಿದ್ದ. ಅವಳು ಸೆರಗನ್ನು ಹೊಟ್ಟೆಯ ಮೇಲೆ ಎಳೆದುಕೊಂಡಳು.

ಡಾಕ್ಟರು ನೋವಿಗೆ ಒಂದು ಸೂಜಿ ಹಾಕಿ, ಚೀಟಿ ಬರೆದು ಕೊಟ್ಟರು. ಹೊರಗೆ ಹುಣಸೆಮರದ ಕೆಳಗೆ, ಎತ್ತಪ್ಪ ಎತ್ತಿಗೆ ನೀರು ತೋರಿಸಲು ಹೋದಾಗ ಸಿದ್ದಕ್ಕ ಗಂಡನ ಹತ್ತಿರ ಬಂದಳು.

"ಹನುಮಮ್ಮ ಹೇಳಿದ್ಲು, ಶನಿವಾರ ಹಿರಿಯೂರಾಗೆ ಕ್ಯಾಂಪು. ಅದೇ ದುರ್ಬೀನು ಡಾಕ್ಟ್ರು ಬರ್ತಾರಂತೆ. ಅಲ್ಲಿಗೆ ಕರ್ಕಂಡು ಹೋಗಾಣ."

"ಇವತ್ತೇ ಅಂದಾರಲ್ಲೇ."

"ಎರಡು ದಿನ. ನಂದು ನೋಡ್ಲಿಲ್ವಾ? ಅಷ್ಟು ದೊಡ್ಡ ಕೆಲಸ ಒಂದು ತೂತಿನಾಗೆ ಮುಗಿಸಿದ್ರು. ಒಂದು ಬಾಲ ತೆಗೆಯಾದು ಅವರಿಗೆ ಎಷ್ಟರದು? ಹೊಕ್ಕುಳದಾಗೆ ಯಾರು ನೋಡ್ತಾರೆ? ಮಗನೂ ಉಳೀತಾನೆ, ಪೆಟ್ಟಿಗೇನೂ ಉಳೀತೈತೆ."

ಪಾಲಯ್ಯ ಚೀಟಿಯನ್ನು ತಿರುಗಿಸಿ ಮುರುಗಿಸಿ ನೋಡಿದ. ಅವನಿಗೆ ಓದು ಬರುತ್ತಿರಲಿಲ್ಲ. ಮಡಚಿ ತಲೆಯ ರುಮಾಲಿನೊಳಗೆ ಸಿಕ್ಕಿಸಿಕೊಂಡ.

ಮನೆಗೆ ಬಂದರು. ಗುರುವಾರ ರಾತ್ರಿಯೆಲ್ಲ ಹಾಲಸ್ವಾಮಿ ಮಂಡಿ ಮಡಚಿಕೊಂಡು ನರಳಿದ. ಶುಕ್ರವಾರ ಬೆಳಿಗ್ಗೆ ಹೊತ್ತು ಮಾರುದ್ದ ಏರಿದಾಗ ಒಮ್ಮೆ ದೊಡ್ಡದಾಗಿ ಉಸಿರುಬಿಟ್ಟು ಕಾಲು ಚಾಚಿದ.

"ಅವ್ವಾ, ಹೋತು ಕಣೆ!"

"ಏನು ಹೋತೋ?"

"ನೋವು. ಕಿತ್ತೆಸೆದಂಗೆ ಹೋತು. ಗಂಜಿ ಕೊಡು."

ಸಿದ್ದಕ್ಕ ಓಡಿಹೋಗಿ ಗುಡಿಯ ಮೆಟ್ಟಿಲಿಗೆ ಹಣೆ ಹಚ್ಚಿದಳು. ಬರಗೇರಮ್ಮ ದೃಷ್ಟಿ ತೆಗೆದಳು. ಪಾಲಯ್ಯ ತಂಬಿಗೆ ನೀರು ಕುಡಿದು, ಎರಡು ದಿನದಲ್ಲಿ ಮೊದಲ ಸಲ ಬೀಡಿ ಹಚ್ಚಿದ. ಅಜ್ಜಿ ಮೊಮ್ಮಗನಿಗೆ, "ನನ್ನ ಹುರುಳಿ ಸಾರಿಗೆ ತಪ್ಪು ಹೊರಿಸಿದ್ಯಲ್ಲೋ, ಈಗ ತಪ್ಪುಕಾಣಿಕೆ ಇಡು" ಎಂದಳು. ಅವನು ನಕ್ಕ. ಆ ನಗು ಸಿದ್ದಕ್ಕನಿಗೆ ಕಡೆಯವರೆಗೂ ನೆನಪಿತ್ತು, ಏಕೆಂದರೆ ಅವನು ಮತ್ತೆ ನಗಲಿಲ್ಲ. ಒಳಗಿನ ಬಾಲ ಒಡೆದ ಗಳಿಗೆಯಲ್ಲಿ ನೋವು ಹಾಗೆ ಒಮ್ಮೆ ಬಿಟ್ಟುಕೊಡುತ್ತದೆ ಎಂದು ಆ ಮನೆಯಲ್ಲಿ ಯಾರಿಗೆ ಗೊತ್ತಿತ್ತು? ಸಂಜೆಗೆ ಮೈ ಕಾದ ಹಂಚಾಯಿತು. ತುಟಿ ಒಣಗಿತು. ಹೊಟ್ಟೆ ಸ್ವಲ್ಪಸ್ವಲ್ಪವೇ ಬಿಗಿಯಿತು.

ಶನಿವಾರ ಮೊದಲನೆಯ ಬಸ್ಸಿಗೆ ಹೊರಟರು. ಹಿರಿಯೂರಿಗೆ ಹೋಗುವ ಆ ಬಸ್ಸು ಚಿತ್ರದುರ್ಗದ ಮೇಲೆಯೇ ಹೋಗಬೇಕು. ದುರ್ಗದಲ್ಲಿ ಬಸ್ಸು ಕಾಲು ಗಂಟೆ ನಿಂತಿತು. ಕಂಡಕ್ಟರು, "ಯಾಕ್ರಿ, ಹುಡುಗನಿಗೆ ಇಷ್ಟು ಜ್ವರ ಐತೆ, ದೊಡ್ಡಾಸ್ಪತ್ರೆ ಇಲ್ಲೇ ಐತೆ, ಇಳೀರಿ" ಎಂದ. ಪಾಲಯ್ಯ ಹೆಂಡತಿಯ ಮುಖ ನೋಡಿದ. ಅವಳು, "ನಮಗೆ ಹಿರಿಯೂರಾಗೆ ಡಾಕ್ಟ್ರು ಗೊತ್ತು ಕಣಪ್ಪ" ಎಂದಳು. ಬಸ್ಸು ಹೊರಟಿತು. ಪ್ರತಿ ಗುಂಡಿಗೂ ಹಾಲಸ್ವಾಮಿ ಹಲ್ಲು ಕಚ್ಚಿ ಅವಳ ಮಣಿಕಟ್ಟು ಹಿಡಿಯುತ್ತಿದ್ದ. ಅವಳ ಬಳೆ ಎರಡು ಒಡೆದವು.

ಹಿರಿಯೂರಿನ ಒಂದು ಶಾಲೆಯಲ್ಲಿ ಕ್ಯಾಂಪು ನಡೆದಿತ್ತು. ಚಾಪೆಗಳ ಮೇಲೆ ಸಾಲಾಗಿ ಹೆಂಗಸರು. ಅವರ ನಡುವೆ ಮೀಸೆಯ ಹುಡುಗನೊಬ್ಬನನ್ನು ಹೊತ್ತು ತಂದುದನ್ನು ಕಂಡು ಒಬ್ಬಳು, "ಇದೇನ್ರಿ, ಗಂಡಸರಿಗೂ ಇಲ್ಲೇ ಮಾಡ್ತಾರಾ?" ಎಂದಳು. ನಕ್ಕವರು ಅವನ ಮುಖ ನೋಡಿ ನಗು ನಿಲ್ಲಿಸಿದರು. ಡಾಕ್ಟರು ಎದ್ದು ಬಂದರು. ಅವನ ಹೊಟ್ಟೆಯ ಮೇಲೆ ಕೈ ಇಟ್ಟರು. ಅದು ಹಲಗೆಯಾಗಿತ್ತು.

"ಎಷ್ಟು ದಿನವಾಯಿತು?"

ಪಾಲಯ್ಯ ರುಮಾಲಿನಿಂದ ಚೀಟಿ ತೆಗೆದುಕೊಟ್ಟ. ಡಾಕ್ಟರು ಓದಿ ತಾರೀಖು ನೋಡಿದರು.

"ಇದರಲ್ಲಿ ದುರ್ಗ ಎಂದು ಬರೆದಿದೆಯಲ್ಲಪ್ಪ. ಇಲ್ಲಿಗೆ ಯಾರು ಬರಹೇಳಿದರು?"

"ನಾನೇ," ಎಂದಳು ಸಿದ್ದಕ್ಕ. "ಹೋದ ವರ್ಷ ಹೊಳಲ್ಕೆರೆಯಾಗೆ ನನಗೆ ನೀವೇ ಮಾಡಿದ್ರಿ. ಹೊಕ್ಕುಳದಾಗೆ. ಹಂಗೇ ಇವನಿಗೂ ಮಾಡ್ರಿ, ನಿಮ್ಮ ಕಾಲಿಗೆ ಬೀಳ್ತೀನಿ. ಕೊಯ್ಯಬ್ಯಾಡ್ರಿ."

ಡಾಕ್ಟರು ಬೈಯುತ್ತಾರೆಂದು ಅವಳು ಕಾದಳು, ಅವರು ಬೈಯಲಿಲ್ಲ. ಮೇಜಿನ ಮೇಲಿದ್ದ ಕೊಳವೆಯನ್ನು ಎತ್ತಿ ತೋರಿಸಿದರು. ಹೊಸ ಬೀಡಿಯಷ್ಟೇ ದಪ್ಪವಿತ್ತು.

"ನೋಡಮ್ಮ, ಇದು ಒಳಗೆ ನೋಡುವುದಕ್ಕೆ, ಗರ್ಭನಾಳಕ್ಕೆ ಒಂದು ಸಣ್ಣ ಉಂಗುರ ತೊಡಿಸುವುದಕ್ಕೆ. ಇಷ್ಟೇ ಇದರ ಕೆಲಸ. ನಿನ್ನ ಮಗನದು ಒಡೆದಿದೆ. ಒಳಗೆಲ್ಲ ಕೀವು. ಅದನ್ನು ತೊಳೆಯಬೇಕು, ಕೊಳೆತದ್ದನ್ನು ತೆಗೆಯಬೇಕು. ಅದಕ್ಕೆ ಹೊಟ್ಟೆ ತೆರೆಯಲೇಬೇಕು, ಕೈ ಹೋಗುವಷ್ಟು. ಗುರುವಾರ ತೆರೆದಿದ್ದರೆ ನಾಲ್ಕು ಬೆರಳು ಸಾಕಾಗುತ್ತಿತ್ತು."

"ಈಗ?"

ಅವರು ತಮ್ಮ ಜೀಪಿನ ಡ್ರೈವರನ್ನು ಕೂಗಿದರು. ಬಂದ ದಾರಿಯಲ್ಲೇ ಜೀಪು ಅವರನ್ನು ದುರ್ಗದ ದೊಡ್ಡಾಸ್ಪತ್ರೆಗೆ ತಂದು ಇಳಿಸಿತು. ಬೆಳಿಗ್ಗೆ ಬಸ್ಸು ನಿಂತಿದ್ದ ಜಾಗವನ್ನು ದಾಟುವಾಗ ಪಾಲಯ್ಯ ಮುಖ ತಿರುಗಿಸಿದ. ಸಿದ್ದಕ್ಕ ತಿರುಗಿಸಲಿಲ್ಲ. ನೋಡುವುದೇ ತನಗೆ ಸರಿಯಾದ ಶಿಕ್ಷೆ ಎಂಬಂತೆ ನೋಡುತ್ತಲೇ ಇದ್ದಳು.

ಸಂಜೆ ಆಪರೇಷನ್ ಆಯಿತು. ದುರ್ಗದ ಡಾಕ್ಟರು ತಮ್ಮ ಕೈಲಾದುದನ್ನೆಲ್ಲ ಮಾಡಿದರು. ಮಾರನೆಯ ದಿನ ಮಧ್ಯಾಹ್ನ ಹಾಲಸ್ವಾಮಿಗೆ ಎಚ್ಚರವಾಯಿತು. ಬಟ್ಟೆ ಕಟ್ಟಿದ ಹೊಟ್ಟೆಯ ಕಡೆಗೆ ಕೈ ಒಯ್ಯಲು ಹೋದ. ಸಿದ್ದಕ್ಕ ಆ ಕೈ ಹಿಡಿದುಕೊಂಡಳು.

"ಅವ್ವಾ, ಎಷ್ಟುದ್ದ ಐತೆ?"

"ಸಣ್ಣದು ಕಣಪ್ಪ. ನಾಲ್ಕು ಬೆರಳು."

ಅದು ಎದೆಗೂಡಿನ ಕೆಳಗಿನಿಂದ ಕೆಳಹೊಟ್ಟೆಯವರೆಗೆ ಇತ್ತು. ಅವನು ನಂಬಿದನೋ ಇಲ್ಲವೋ, ಕಣ್ಣು ಮುಚ್ಚಿಕೊಂಡ.

"ಪೆಟ್ಟಿಗೆ ಚಿಕ್ಕಪ್ಪನ ಮಗ ನಿಂಗಪ್ಪ ಹೊರ್ಲಿ. ಅವನಿಗೆ ಆಸೆ ಐತೆ," ಎಂದ.

"ನಿನಗಿಲ್ವೇನೋ?"

"ನನಗೆ ಕುರಿ ಸಾಕು ಕಣವ್ವಾ. ನೀವು ಯಾವತ್ತು ಕೇಳಿದ್ರಿ?"

ಸಿದ್ದಕ್ಕ ಅವನ ತುಟಿಗೆ ಒದ್ದೆ ಬಟ್ಟೆ ಒತ್ತಿದಳು. ಸೋಮವಾರ ಬೆಳಿಗ್ಗೆ, ಹಟ್ಟಿಯಲ್ಲಿ ಪೆಟ್ಟಿಗೆ ಹಳ್ಳಕ್ಕೆ ಇಳಿಯಬೇಕಾದ ಹೊತ್ತಿಗೆ, ಹಾಲಸ್ವಾಮಿ ತೀರಿಕೊಂಡ.

ಮಣ್ಣಿಗೆ ಇಡುವ ಮೊದಲು ಮೈ ತೊಳೆಯುವಾಗ ಹಟ್ಟಿಯವರೆಲ್ಲ ಆ ಉದ್ದದ ಹೊಲಿಗೆಯನ್ನು ಕಂಡರು. ಯಾರೂ ಪೆಟ್ಟಿಗೆಯ ಮಾತು ಎತ್ತಲಿಲ್ಲ. ಎತ್ತಪ್ಪ ಒಂದು ಮೂಲೆಯಲ್ಲಿ ನಿಂತು ಮಗುವಿನಂತೆ ಅತ್ತ. ಬರಗೇರಮ್ಮ ತಾನು ಮೊಮ್ಮಗನಿಗೆ ಕುಡಿಸಿದ ಹರಳೆಣ್ಣೆಯ ಕುಡಿಕೆಯನ್ನು ಹೊರಗೆ ತಂದು ಕಲ್ಲಿಗೆ ಅಪ್ಪಳಿಸಿದಳು.

ಹನ್ನೊಂದು ದಿನ ಕಳೆದು ಸೂತಕ ತೆಗೆದರು. ಮುಂದಿನ ಸೋಮವಾರ ಎಡೆಗೆ ಅಕ್ಕಿ ಅಳೆದುಕೊಡಲು ಹಟ್ಟಿಯ ಹಿರಿಯ ಚಿಕ್ಕತಿಮ್ಮಪ್ಪ ಮನೆಯ ಬಾಗಿಲಿಗೆ ಬಂದ. ಎಂಬತ್ತು ದಾಟಿದ ಮುದುಕ. ಸಿದ್ದಕ್ಕ ಅಕ್ಕಿಗೆ ಮೊರ ಒಡ್ಡಲಿಲ್ಲ.

"ನಾನು ಬೇಯಿಸಂಗಿಲ್ಲ ಮಾವ."

"ಯಾಕವ್ವಾ? ಸೂತಕ ಕಳೀತಲ್ಲ."

ಪಾಲಯ್ಯ ಬೇಡವೆಂಬಂತೆ ಕಣ್ಣುಸನ್ನೆ ಮಾಡಿದ. ಸಿದ್ದಕ್ಕ ಅತ್ತ ನೋಡದೆ ಎಲ್ಲವನ್ನೂ ಹೇಳಿದಳು. ಭರಮಸಾಗರದ ಸುಳ್ಳು, ಹೊಕ್ಕುಳಿನ ಹೊಲಿಗೆ, ಒಂದು ವರ್ಷ ಆ ಮೈಯಲ್ಲೇ ಬೇಯಿಸಿದ ಎಡೆ, ಹುಣಸೆಮರದ ಕೆಳಗಿನ ಮಾತು, ದುರ್ಗದಲ್ಲಿ ಇಳಿಯದೆ ಹೋದದ್ದು. ಬಾಗಿಲಲ್ಲಿ ಜನ ಕೂಡಿದರು. ಅವಳು ದನಿ ತಗ್ಗಿಸಲಿಲ್ಲ.

ಚಿಕ್ಕತಿಮ್ಮಪ್ಪ ಕೋಲಿಗೆ ಗಲ್ಲ ಊರಿ ಕೇಳಿದ. ಕಡೆಗೆ, "ಅಯ್ಯೋ ಮಗಳೇ, ಹೂವು ಕೇಳಬೇಕಿತ್ತಲ್ಲೇ!" ಎಂದ.

"ಏನಂದೆ?"

"ನಾನು ಹುಡುಗ ಇದ್ದಾಗ ಪೆಟ್ಟಿಗೆ ಹೊರ್ತಿದ್ದೋನು ಕಾಟಯ್ಯ, ನಿನ್ನ ಗಂಡನ ಅಜ್ಜ. ಅವನ ತೊಡೆಯಾಗೆ ಜಾಲಿಮುಳ್ಳು ಮುರಿದು ಕೀವಾಗಿ, ಕತ್ತಿಯಾಗೆ ಸೀಳಿ ತೆಗೆದ್ರು. ಇಷ್ಟುದ್ದ. ದೇವರ ಮುಂದೆ ಕುಂತು ಹೂವು ಕೇಳಿದ್ವಿ. ಬಲಕ್ಕೆ ಕೊಟ್ಟ. ಸಾಯೋ ತನಕ ಅವನೇ ಹೊತ್ತ. ಪ್ರಾಣಕ್ಕೆ ಬಂದಾಗ ಕಟ್ಟಳೆ ನಾವು ಹಿಡಿಯಾದಲ್ಲ, ಅವನು ಬಿಡಾದು. ಕೇಳಿದೋರಿಗೆ ಅವನು ಯಾವತ್ತು ಇಲ್ಲ ಅಂದಾನೆ?"

ಪಾಲಯ್ಯ ಗೋಡೆಗೆ ಒರಗಿದ. ಅಜ್ಜನ ತೊಡೆಯ ಗುರುತನ್ನು ಅವನೂ ಚಿಕ್ಕಂದಿನಲ್ಲಿ ಕಂಡಿದ್ದ. ನಾಯಿ ಕಚ್ಚಿದ್ದು ಎಂದು ಅಜ್ಜ ಮೊಮ್ಮಕ್ಕಳಿಗೆ ತಮಾಷೆ ಮಾಡುತ್ತಿದ್ದ.

"ಈಗ ಕೇಳ್ರಿ," ಎಂದಳು ಸಿದ್ದಕ್ಕ.

"ಸತ್ತೋನ ಮೇಲೆ ಹೂವು ಕೇಳಂಗಿಲ್ಲ ಮಗಳೇ."

"ನನ್ನ ಮೇಲೆ ಕೇಳ್ರಿ. ಕಬ್ಬಿಣ ಇಳಿದ ಮೈ ಇದು. ಕದ್ದು ಎಡೆ ಮಾಡಿದ ಕೈ ಇದು. ಬೇಕೋ ಬ್ಯಾಡವೋ ಕೇಳ್ರಿ."

ಎಲ್ಲರೂ ಗುಡಿಗೆ ಹೋದರು. ಪೂಜಾರಿ ದೇವರ ಎರಡು ಭುಜಗಳಿಗೂ ಕಣಗಿಲೆಯ ಹೂವನ್ನು ನೀರಿನಿಂದ ಅಂಟಿಸಿದ. ಸಿದ್ದಕ್ಕ ಹೊಸ್ತಿಲಿನಾಚೆ ಮಂಡಿಯೂರಿ ಕುಳಿತಳು. ಮನಸ್ಸಿನಲ್ಲಿ ಅವಳು ಬೇಡಿಕೊಂಡದ್ದು ಎಡಗಡೆಯನ್ನು. ಎಡಕ್ಕೆ ಕೊಡು, ಸ್ವಾಮಿ. ಬೇಡವೆನ್ನು. ನೀನು ಒಪ್ಪುತ್ತಿರಲಿಲ್ಲ ಎಂದಾದರೂ ನನಗೆ ತಿಳಿಯಲಿ. ನಿನ್ನ ಕಟ್ಟಳೆ ಅಷ್ಟು ಗಟ್ಟಿಯಾಗಿತ್ತು, ಅದಕ್ಕಾಗಿ ಮಗ ಹೋದ ಎಂದಾದರೆ ನಾನು ಹೇಗಾದರೂ ಉಸಿರಾಡಿಕೊಂಡಿರುತ್ತೇನೆ.

ಒಮ್ಮೊಮ್ಮೆ ಹೂವಿಗಾಗಿ ಅರ್ಧ ದಿನ ಕಾಯುವುದುಂಟು. ಅಂದು ಪೂಜಾರಿ ಗಂಟೆ ಕೆಳಗಿಡುವ ಮೊದಲೇ ಬಲಭುಜದ ಹೂವು ಜಾರಿ ಬಿತ್ತು.

"ಕೊಟ್ಟ! ಎಷ್ಟು ಬೇಗ ಕೊಟ್ಟ ನೋಡ್ರಿ!" ಎಂದು ಜನ ಕೈ ಮುಗಿದರು. ಚಿಕ್ಕತಿಮ್ಮಪ್ಪ ಆ ಹೂವನ್ನು ತಂದು ಅವಳ ಮುಂದೆ ಹಿಡಿದ. "ತಗಳ್ಳವ್ವಾ. ನಿನ್ನ ಮೇಲೆ ಅವನಿಗೆ ಕೋಪ ಇಲ್ಲ."

ಸಿದ್ದಕ್ಕ ಸೆರಗು ಒಡ್ಡಿದಳು. ಹೂವು ಅದರಲ್ಲಿ ಬಿದ್ದಿತು. ಆಗ, ದುರ್ಗದ ಆಸ್ಪತ್ರೆಯಲ್ಲಿ ಅಳದಿದ್ದವಳು, ಮಣ್ಣು ಹಾಕುವಾಗಲೂ ಅಳದಿದ್ದವಳು, ಹೊಸ್ತಿಲಿನ ಮೇಲೆ ತಲೆಯಿಟ್ಟು ಕೂಗಿ ಅತ್ತಳು. ದೇವರು ಒಲಿದ ಸಂತೋಷಕ್ಕೆ ಅಳುತ್ತಿದ್ದಾಳೆಂದು ಹಿಂದೆ ನಿಂತಿದ್ದ ಕೆಲವರು ತಿಳಿದರು. ಪಾಲಯ್ಯನಿಗೆ ಗೊತ್ತಿತ್ತು. ಅವನು ಬಂದು ಅವಳ ಪಕ್ಕದಲ್ಲಿ ನೆಲದ ಮೇಲೆ ಕುಳಿತ.

ಸ್ವಲ್ಪ ಹೊತ್ತಾದ ಮೇಲೆ ಅವಳು ಎದ್ದು ಮುಖ ತೊಳೆದುಕೊಂಡು ಮನೆಗೆ ಹೋದಳು. ಚಿಕ್ಕತಿಮ್ಮಪ್ಪ ತಂದಿದ್ದ ಅಕ್ಕಿ ಬಾಗಿಲಲ್ಲೇ ಕಾದಿತ್ತು. ಮೊರಕ್ಕೆ ಸುರಿದು ಕಲ್ಲು ಆರಿಸಿದಳು, ಒಲೆ ಹಚ್ಚಿದಳು. ದೇವರಿಗೆ ಹಸಿವಾಗಿರುತ್ತದೆ, ಹೊತ್ತು ಮೀರಿತ್ತು.